ಹಸಿರು ಸಿಪ್ಪೆಯ ಕಿತ್ತಳೆ

ಬೆಳಗೋಡಿನ ಕಾಫಿ ತೋಟಗಳ ನಾಟಿ ಕಿತ್ತಳೆ ಪೂರ್ತಿ ಹಣ್ಣಾದರೂ ಸಿಪ್ಪೆ ಅರ್ಧ ಹಸಿರಾಗಿಯೇ ಇರುತ್ತದೆ. ಆನೇಮಹಲ್‌ನಲ್ಲಿ ನನ್ನ ಲೋಡು ನೋಡಲು ಬಂದ ಹಣ್ಣು ಕೊಳ್ಳುವ ಕಂಪನಿಯವನು ಸಿಪ್ಪೆಯ ಬಣ್ಣ ಹೋಲಿಸುವ ಕಾರ್ಡು ಹಿಡಿದು, "ಇವು ಕಾಯಿ. ಕಾರ್ಬೈಡ್ ಪುಡಿ ಇಟ್ಟು ಹಳದಿ ಮಾಡಿ ತನ್ನಿ, ಇಲ್ಲಾಂದ್ರೆ ಲೋಡು ವಾಪಸ್" ಎಂದ.

"ಕೈಲಿ ಹಿಡ್ದು ನೋಡಿ ಸಾರ್. ತೂಕ ಐತೆ, ತೊಟ್ಟಿನ ಹತ್ರ ಸಿಪ್ಪೆ ಸಡ್ಲ ಆಗೈತೆ. ಪುಡಿ ಮಾತ್ರ ನಾನು ಇಡಲ್ಲ ಕಣ್ರೀ" ಎಂದು ಒಂದನ್ನು ಸುಲಿದು ಕೊಟ್ಟೆ.

ತಿಂದ. ಇನ್ನೊಂದು ಕೇಳಿ ತಿಂದ. ಆದರೂ ಕಾರ್ಡು ಒಪ್ಪಲಿಲ್ಲವೆಂದು ಲೋಡು ಬೇಡವೆಂದ. ನಾನು ಹೊರಟಾಗ ಮೆಲ್ಲಗೆ, "ಮನೆಗೆ ಒಂದೆರಡು ಕೆ.ಜಿ. ಕೊಡಿ" ಎಂದ.

"ಕಾಯಿ ತಿನ್ನಿಸಿ ನಿಮ್ ಮಕ್ಕಳ ಗಂಟಲು ಕೆಡಿಸಲಾ ಸಾರ್?" ಎಂದು, ಗಾಡಿಯನ್ನು ಆಲೂರು ಸಂತೆಗೆ ತಿರುಗಿಸಿದೆ. ಅಲ್ಲಿನ ಹೆಂಗಸರು ಒಂದೊಂದು ಹಣ್ಣನ್ನೂ ಹಿಚುಕಿ ನೋಡುತ್ತಾರೆ. ಅವರನ್ನು ಒಪ್ಪಿಸುವುದು ಈ ಕಾರ್ಡನ್ನು ಒಪ್ಪಿಸುವುದಕ್ಕಿಂತ ಕಷ್ಟ.