ಶಾಕ್ ತಜ್ಞನಿಗೆ ಇರುವೆ ಕಚ್ಚಿದ್ದು

ಚಳಿಗಾಲದಲ್ಲಿ ಕುವೈತಿನ ಗಾಳಿ ಎಷ್ಟು ಒಣಗಿರುತ್ತದೆಂದರೆ, ಕಾರಿನ ಬಾಗಿಲಿಗೆ ಕೈ ಹಾಕಿದರೆ ಬೆರಳ ತುದಿಯಲ್ಲಿ ಚಟ್ಟೆಂದು ಕಿಡಿ ಹಾರುತ್ತದೆ. ಇವತ್ತು ಬೆಳಿಗ್ಗೆಯೂ ಹಾರಿತು. ಹದಿನಾರು ವರ್ಷದಿಂದ ಹಾರುತ್ತಿದೆ, ಆದರೂ ಪ್ರತಿ ಸಲ ಕೈ ಹಿಂದಕ್ಕೆಳೆದು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸುತ್ತೇನೆ. ಮೊದಲ ವರ್ಷವಂತೂ ವೈರಿಂಗ್ ಕೆಟ್ಟಿದೆಯೆಂದು ಕಾರನ್ನು ಗ್ಯಾರೇಜಿಗೇ ಒಯ್ದಿದ್ದೆ. ಅಲ್ಲಿನ ಮೆಕ್ಯಾನಿಕ್ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಭಾಯಿ, ಗಾಡಿ ಠೀಕ್ ಹೈ" ಎಂದ. ಹಾಗಾದರೆ ಕೆಟ್ಟಿರುವುದು ಯಾವುದು ಎಂದು ಬಾಯಿಬಿಟ್ಟು ಹೇಳದಷ್ಟು ಸಜ್ಜನ.

ಹೊಸಬರಿಗೆ ಶಾಕ್ ಕೊಡುವುದರಲ್ಲಿ ಈ ಊರು ಧಾರಾಳಿ. ನಾನು ಬಂದಿಳಿದದ್ದು ಸುಡುಬೇಸಿಗೆಯಲ್ಲಿ. ತಣ್ಣೀರ ಸ್ನಾನದ ಆಸೆಯಿಂದ ತಣ್ಣೀರಿನ ನಲ್ಲಿ ತಿರುಗಿಸಿದರೆ ಬೆನ್ನು ಸುಟ್ಟಿತು. ಒಂದು ವಾರ ಬಕೆಟಿನಲ್ಲಿ ನೀರು ಹಿಡಿದಿಟ್ಟು, ಅದು ಆರುವವರೆಗೆ ಟವೆಲ್ ಸುತ್ತಿಕೊಂಡು ಕಾದೆ. ಆಮೇಲೆ ನಮ್ಮ ಕಟ್ಟಡದ ಕೆಳಗಿನ ಅಂಗಡಿಯ ಮೋನುಚ್ಚ ಗುಟ್ಟು ಹೇಳಿಕೊಟ್ಟರು. "ಟ್ಯಾಂಕ್ ಟೆರೇಸಿನಲ್ಲಿ ಉಂಟಲ್ವಾ ಮಾರಾಯ್ರೆ, ಬಿಸಿಲಿಗೆ ಕುದಿತದೆ. ಗೀಸರ್ ಆಫ್ ಮಾಡಿ ಇಡಿ. ಅದರ ಒಳಗಿನ ನೀರು ತಣ್ಣಗೆ ಇರ್ತದೆ. ಬೇಸಿಗೆಯಲ್ಲಿ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು."

ಇಂಥ ತಲೆಕೆಳಗಾದ ಲೋಕದಲ್ಲಿ ನನ್ನ ಮೊದಲ ಭಾನುವಾರವೂ ಬಂತು. ನಾನು ಹೊದ್ದು ಮಲಗಿದ್ದೆ. ಆಫೀಸಿನಿಂದ ಫೋನ್ ಬಂದಾಗಲೇ ಇಲ್ಲಿ ಭಾನುವಾರ ಕೆಲಸದ ದಿನವೆಂದು ನೆನಪಾದದ್ದು. ಹುಟ್ಟಿದಾಗಿನಿಂದ ಭಾನುವಾರ ಇಗರ್ಜಿಗೆ ಹೋದವನು ಶುಕ್ರವಾರ ಪೂಜೆಗೆ ಹೋಗಲು ಕಲಿತೆ. ದೇವರಿಗೆ ಅಭ್ಯಾಸವಿತ್ತು, ನನಗಿರಲಿಲ್ಲ.

ಮೋನುಚ್ಚನ ಬಗ್ಗೆ ಹೇಳಬೇಕು. ಉಳ್ಳಾಲದ ಕಡೆಯ ಬ್ಯಾರಿ, ಆಗಲೇ ಐವತ್ತು ದಾಟಿದವರು. ಅಬು ಹಲೀಫಾದಲ್ಲಿ ನಾವಿರುವ ಕಟ್ಟಡದ ಕೆಳಗೆ ಅವರದೊಂದು ದಿನಸಿ ಅಂಗಡಿ. ನನ್ನೊಂದಿಗೆ ಕನ್ನಡ, ನನ್ನ ಹೆಂಡತಿ ಲವೀನಾಳೊಂದಿಗೆ ತುಳು, ಕಾವಲುಗಾರನೊಂದಿಗೆ ಅರಬ್ಬಿ ಮಾತಾಡುತ್ತ, ಮೂರರಲ್ಲೂ ಒಂದೇ ಕೆಲಸ ಮಾಡುತ್ತಿದ್ದರು: ಎದುರಿಗಿದ್ದವರ ಕಾಲೆಳೆಯುವುದು.

ಅವರ ಕೈಗೆ ನಾನಾಗಿಯೇ ಸಿಕ್ಕಿಬಿದ್ದದ್ದು, ಇಲ್ಲಿಗೆ ಬಂದು ಎಂಟು ವರ್ಷವಾದ ಮೇಲೆ, ಒಂದು ಪ್ರಥಮ ಚಿಕಿತ್ಸೆಯ ತರಬೇತಿಯಿಂದ. ನಮ್ಮ ಕಂಪನಿಯವರು ಎರಡು ದಿನ ಕೂರಿಸಿ ಕಲಿಸಿದರು. ವೈದ್ಯರ ಭಾಷೆಯಲ್ಲಿ ಶಾಕ್ ಎಂದರೆ ಗಾಬರಿಯಲ್ಲ, ದೇಹದ ಅಂಗಗಳಿಗೆ ಸಾಕಷ್ಟು ರಕ್ತ ತಲುಪದೆ ಹೋಗುವ ಸ್ಥಿತಿ ಎಂದು ನನಗೆ ತಿಳಿದದ್ದು ಅಲ್ಲಿ. ರಕ್ತ ಹರಿದುಹೋಗಿ ಬರುವ ಶಾಕ್, ಹೃದಯ ಸೋತು ಬರುವ ಶಾಕ್, ನಂಜಿನಿಂದ ಬರುವುದು, ಅಲರ್ಜಿಯಿಂದ ಬರುವುದು. ಹಸಿರು ಅಂಚಿನ ಸರ್ಟಿಫಿಕೇಟ್ ಹಿಡಿದು ಮನೆಗೆ ಬಂದವನು ಎಷ್ಟೋ ತಿಂಗಳು ಮನುಷ್ಯನಾಗಿರಲಿಲ್ಲ. ಯಾರಾದರೂ "ರೇಟ್ ಕೇಳಿ ಶಾಕ್ ಆಯ್ತು" ಎಂದರೆ ತಡೆದು ತಿದ್ದುತ್ತಿದ್ದೆ. ಲವೀನಾ ಅಡುಗೆಮನೆಯ ಬಾಗಿಲು ಹಾಕಿಕೊಳ್ಳತೊಡಗಿದ ಮೇಲೆ ನನ್ನ ಪಾಠ ಅಂಗಡಿಗೆ ಇಳಿಯಿತು.

"ಇವತ್ತು ಯಾವ ಶಾಕ್, ಡಾಕ್ಟ್ರೇ?" ಎಂದು ಮೋನುಚ್ಚ ಗಿರಾಕಿಗಳ ಎದುರಿಗೇ ಕೇಳುತ್ತಿದ್ದರು. ತಲೆ ಸುತ್ತಿ ಬೀಳುವಂತಾದವರನ್ನು ಮಲಗಿಸಿ ಕಾಲು ಎತ್ತರಕ್ಕಿಡಬೇಕು ಎಂದರೆ, "ಆಗ ಚಪ್ಪಲಿ ಯಾರು ಹಿಡ್ಕೊಳ್ಳುದು?" ಎನ್ನುವರು. ಅಲರ್ಜಿಯ ಶಾಕಿಗೆ ತಕ್ಷಣ ಅಡ್ರಿನಲಿನ್ ಚುಚ್ಚಬೇಕು ಎಂದರೆ, "ಅಂಡರ್‌ಲೈನಾ? ಪೆನ್ಸಿಲ್ ಸಾಕಲ್ಲ." ಅಂಗಡಿಯಿಡೀ ನಗುತ್ತಿತ್ತು. ನಾನು ಮುಖ ದಪ್ಪ ಮಾಡಿಕೊಂಡು ಮೇಲೆ ಬರುತ್ತಿದ್ದೆ. ಅಜ್ಞಾನಿಗಳು ಎಂದುಕೊಳ್ಳುತ್ತಿದ್ದೆ, ನಿಮ್ಮೊಂದಿಗೆ ಮುಚ್ಚುಮರೆಯೇಕೆ.

ಒಂದು ಶುಕ್ರವಾರ ಮಧ್ಯಾಹ್ನ. ಇಗರ್ಜಿಯಿಂದ ಬಂದು, ಲವೀನಾಳನ್ನು ಮೇಲೆ ಕಳಿಸಿ, ಅವಳು ಹೇಳಿದ ಮೊಸರು ತರಲು ನಿಂತವನು ಫೋನ್ ಬಂತೆಂದು ಕಾಂಪೌಂಡಿನ ಖರ್ಜೂರದ ಮರದ ಬುಡದಲ್ಲಿ ಮಾತಾಡುತ್ತಿದ್ದೆ. ಪಾದಕ್ಕೆ ಬೆಂಕಿ ತಗುಲಿದಂತಾಯಿತು. ಕಪ್ಪಿರುವೆ. ಇಲ್ಲಿನವರು ಸಮ್ಸುಮ್ ಎಂದು ಕರೆಯುವ ಜಾತಿ. ಹಿಂದೊಮ್ಮೆ ಕಚ್ಚಿದಾಗ ಕಾಲು ಎರಡು ದಿನ ಊದಿತ್ತು. ಕೊಡವಿಕೊಂಡು ಅಂಗಡಿಗೆ ಹೋದೆ.

ಜುಮ್ಮಾ ನಮಾಜು ಮುಗಿಸಿ ಬಂದ ಮೋನುಚ್ಚ ಆಗಷ್ಟೇ ಶಟರ್ ಎತ್ತಿದ್ದರು. ಮೊಸರಿನ ಡಬ್ಬಿ ಕೈಗೆತ್ತಿಕೊಂಡೆ. ಅಂಗೈ ತುರಿಸತೊಡಗಿತು. ಕಿವಿ ಬಿಸಿಯಾಯಿತು.

"ಮುಖ ಎಂತ ಇಷ್ಟು ಕೆಂಪು?" ಎಂದರು.

"ಬಿಸಿಲಿಗೆ."

"ತುಟಿ ಸಹ ಊದಿದೆಯಲ್ಲ. ಎಂತ ತಿಂದ್ರಿ?"

"ಏನೂ ಇಲ್ಲ. ಒಂದು ಇರುವೆ ಕಚ್ಚಿತು. ಸ್ವಲ್ಪ ಗ್ಯಾಸ್ ಆಗಿರಬೇಕು."

ಈ ಮಾತನ್ನಾಡಿದವನು ಸರ್ಟಿಫಿಕೇಟ್ ಪಡೆದವನು ಎಂಬುದು ನಿಮ್ಮ ಗಮನದಲ್ಲಿರಲಿ. ಗಂಟಲೊಳಗೆ ಯಾರೋ ದಾರ ಬಿಗಿಯುತ್ತಿದ್ದರು, ಕಪಾಟುಗಳು ವಾಲುತ್ತಿದ್ದವು, ಆದರೂ ನಾನು ಗ್ಯಾಸಿನ ಪಕ್ಷವನ್ನು ಬಿಡಲಿಲ್ಲ. ಮೋನುಚ್ಚ ಕೌಂಟರಿನಿಂದ ಹೊರಗೆ ಬಂದು ನನ್ನ ತೋಳು ಹಿಡಿದರು.

"ಇದು ಅದೇ ಅಲ್ವಾ? ನೀವು ಹೇಳುವ ಅಲರ್ಜಿಯ ಶಾಕ್."

"ಸ್ವಲ್ಪ ಕೂತರೆ ಸರಿಹೋಗ್ತದೆ."

"ಕೂತ್ಕೊಳ್ಳುದಲ್ಲ. ಮಲಗ್ಬೇಕು, ಕಾಲು ಮೇಲೆ. ನೀವೇ ಹೇಳಿದ್ದು."

ಎರಡು ಸಿಗ್ನಲ್ ದಾಟಿದರೆ ಆಸ್ಪತ್ರೆ. ಕಾವಲುಗಾರನನ್ನು ಕೂಗಿ, ಇಬ್ಬರೂ ಸೇರಿ ನನ್ನನ್ನು ಅಂಗಡಿಯ ವ್ಯಾನಿನಲ್ಲಿ, ನೀರಿನ ಬಾಟಲಿಗಳ ಪೆಟ್ಟಿಗೆಗಳ ನಡುವೆ ಮಲಗಿಸಿದರು. ಪಾದಗಳನ್ನು ಅಕ್ಕಿ ಚೀಲದ ಮೇಲೇರಿಸಿದರು. ಹಾರ್ನ್ ಒತ್ತುತ್ತಲೇ ಹೋದ ಮೋನುಚ್ಚ ದಾರಿಯುದ್ದಕ್ಕೂ ಪ್ರಶ್ನೆ ಕೇಳುತ್ತಿದ್ದರು. "ಶಾಕಲ್ಲಿ ಎಷ್ಟು ವಿಧ? ಹೇಳಿ. ಡಾಕ್ಟ್ರೇ, ಕೇಳ್ತದಾ? ಬಾಯಿ ಬಿಡಿ." ತಿಂಗಳುಗಟ್ಟಲೆ ಕೇಳುವವರಿಲ್ಲದೆ ಅಲೆದವನನ್ನು ಕೊನೆಗೂ ಒಬ್ಬರು ಕೇಳುತ್ತಿದ್ದರು, ನನಗೆ ಸ್ವರ ಹೊರಡಲಿಲ್ಲ. ವ್ಯಾನಿನ ಚಾವಣಿ ಸಣ್ಣದಾಗುತ್ತ ಹೋಯಿತು. ಸಾಯುತ್ತಿದ್ದೇನೆ ಎಂದು ಅನಿಸಿತು. ಮೇಲೆ ಲವೀನಾ ಮೊಸರಿಗೆ ಕಾಯುತ್ತಿದ್ದಾಳೆ ಎಂದೂ ಅನಿಸಿತು. ಎರಡೂ ಒಂದೇ ತೂಕದ ಯೋಚನೆಗಳಾಗಿ ಬಂದವು.

ಆಸ್ಪತ್ರೆಯ ಬಾಗಿಲಲ್ಲಿ ಮೋನುಚ್ಚ ಅರಬ್ಬಿಯಲ್ಲಿ ಕೂಗಿದ್ದು ಕೇಳಿಸಿತು. ಇರುವೆ ಎಂದರು, ಸಮ್ಸುಮ್ ಎಂದರು, ಅಡ್ರಿನಲಿನ್ ಎಂದರು. ಉಚ್ಚಾರದಲ್ಲಿ ಒಂದಕ್ಷರದ ತಪ್ಪಿರಲಿಲ್ಲ. ತೊಡೆಗೆ ಸೂಜಿ ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಗಂಟಲಿನ ದಾರ ಸಡಿಲವಾಯಿತು, ಎದೆ ಕುದುರೆಯಂತೆ ಓಡತೊಡಗಿತು, ಉಸಿರು ಒಳಗೆ ಹೋಯಿತು. ಅಷ್ಟು ರುಚಿಯಾದದ್ದನ್ನು ನಾನು ಈವರೆಗೆ ತಿಂದಿಲ್ಲ.

ಸುದ್ದಿ ತಿಳಿದು ಓಡಿಬಂದ ಲವೀನಾ, "ಸರ್ಟಿಫಿಕೇಟ್ ಮನೆಯಲ್ಲೇ ಬಿಟ್ಟು ಬಂದಿರಾ?" ಎಂದಳು. ಕಣ್ಣು ಮಾತ್ರ ಕೆಂಪಗಿತ್ತು. ಹೊರಗೆ ಬೆಂಚಿನ ಮೇಲೆ ಮೋನುಚ್ಚ ಕೂತಿದ್ದಾರೆಂದೂ, ಕೊಟ್ಟ ಚಾ ಮುಟ್ಟದ್ದನ್ನು ಕಂಡು ನರ್ಸ್ ಅವರದೇ ಬಿಪಿ ನೋಡಿದಳೆಂದೂ ಹೇಳಿದಳು. ಅಂಗಡಿಯನ್ನು ಅವರು ಹಾಗೇ ತೆರೆದಿಟ್ಟು ಬಂದಿದ್ದರು. ಸಂಜೆಯವರೆಗೂ ಕಾವಲುಗಾರನೇ ಕೌಂಟರಿನಲ್ಲಿ ಕೂತನಂತೆ.

ಮರುದಿನ ಮನೆಗೆ ಹೊರಡುವಾಗ ಕೇಳಿದೆ. "ದಿನಾ ತಮಾಷೆ ಮಾಡ್ತಿದ್ರಿ. ಅಷ್ಟೆಲ್ಲ ನೆನಪಿತ್ತಾ?"

"ತಮಾಷೆ ಮಾಡ್ಲಿಕ್ಕಾದ್ರೂ ಸರಿಯಾಗಿ ಕೇಳ್ಬೇಕಲ್ಲ ಮಾರಾಯ್ರೆ" ಎಂದರು.

ಇದಾಗಿ ಏಳು ವರ್ಷ. ಈಗ ನನ್ನ ಚೀಲದಲ್ಲಿ ಆ ಇಂಜೆಕ್ಷನ್ ಯಾವಾಗಲೂ ಇರುತ್ತದೆ. ಹೇಳದೇ ಉಳಿದದ್ದು ಒಂದು ಮಾತು. ಧನ್ಯವಾದ ಹೇಳಲು ಹೋದಾಗಲೆಲ್ಲ ಮೋನುಚ್ಚ ಏನಾದರೊಂದು ಹೇಳಿ ನಗಿಸುವರು, ನಾನೂ ನಕ್ಕು, ಅಷ್ಟಕ್ಕೇ ಬಚಾವಾಗಿ ಬರುವೆ. ಮುಂದಿನ ವಾರ ಅವರು ವೀಸಾ ಮುಗಿಸಿ ಊರಿಗೆ ಹೊರಟಿದ್ದಾರೆ. ಇನ್ನು ಬರುವುದಿಲ್ಲ.

ಇವತ್ತು ಆಫೀಸಿಗೆ ತಡವಾದರೂ ಆಗಲಿ ಎಂದು, ತೆರೆದ ಕಾರಿನ ಬಾಗಿಲನ್ನು ಮತ್ತೆ ಹಾಕಿ ಅಂಗಡಿಗೆ ಹೋದೆ. ಅವರು ಬಾಯಿ ತೆರೆಯುವ ಮೊದಲೇ, ಒಂದೇ ಉಸಿರಿನಲ್ಲಿ ಹೇಳಿದೆ: "ಮೋನುಚ್ಚ, ಆವತ್ತು ನೀವಿರದಿದ್ದರೆ ನಾನಿರುತ್ತಿರಲಿಲ್ಲ. ನಿಮ್ಮ ಉಪಕಾರ ನಾನು ಮರೆಯುವುದಿಲ್ಲ."

ಅವರು ನನ್ನ ಮುಖ ನೋಡಿದರು. ತಮಾಷೆಯೊಂದನ್ನು ಹುಡುಕುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಸಿಗಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು, ಹೆಗಲ ಬಟ್ಟೆಯಿಂದ ಅದನ್ನು ಒರೆಸಿ, ಮತ್ತೊಮ್ಮೆ ಒರೆಸಿ, ನನ್ನ ಕಡೆ ತಳ್ಳಿದರು.

"ಕೂತ್ಕೊಳ್ಳಿ" ಎಂದರು.

ಕೂತೆ. ಅವರೂ ಒಂದು ಪೆಟ್ಟಿಗೆಯ ಮೇಲೆ ಕೂತರು. ಗಿರಾಕಿಯೊಬ್ಬ ಬಂದು ಬ್ರೆಡ್ ಕೇಳಿದ. ಅಲ್ಲೇ ಇದೆ, ತಗೋ ಎಂದು ಕೈ ತೋರಿಸಿದರು, ಏಳಲಿಲ್ಲ.