ಹೆಜ್ಜೆ ಗಾರಿಗೆ

ನಮ್ಮ ಮನೆಯಲ್ಲಿ ಮಗು ಮೊದಲ ಹೆಜ್ಜೆ ಇಟ್ಟ ದಿನ ಕುಂಬಳಕಾಯಿ ಗಾರಿಗೆ ಕರಿಯುತ್ತಾರೆ. ಬಾಣಲೆಯಿಂದ ತೆಗೆದ ಮೊದಲನೆಯದು ನಡೆದವರ ಕೈಗೆ, ಆಮೇಲೆ ಓಣಿಗೆಲ್ಲ. ನನ್ನ ಹೆಜ್ಜೆಗೆ ಕರಿದವಳು ಅವ್ವ. ಈಗ ಮೊಮ್ಮಗಳ ಸರದಿ ಎಂದು ನಮ್ಮೂರು ಘೋಣಸಗಿಯಲ್ಲಿ ಕುಂಬಳಕಾಯಿ ತೆಗೆದಿಟ್ಟುಕೊಂಡು ಕುಳಿತಿದ್ದಳು.

ಆದರೆ ನನ್ನ ಮಗಳಿಗೆ ಅಜ್ಜಿಯ ಮೇಲೆ ಅದೇನು ಹಟವೋ! ಬೋರಲು ಬಿದ್ದದ್ದು ವಿಜಯಪುರದ ನಮ್ಮ ಬಾಡಿಗೆ ಮನೆಯಲ್ಲಿ, ಅವ್ವ ಬಂದು ನಾಲ್ಕು ದಿನ ಕಾದು ವಾಪಸು ಹೋದ ಮರುದಿನ. ಹೊಸ್ತಿಲು ದಾಟಿದ್ದು ಕಾಖಂಡಕಿಯಲ್ಲಿ, ನನ್ನ ಹೆಂಡತಿಯ ತವರಿನಲ್ಲಿ. ಕಾಯಿ ಒಡೆದ ಸಂಭ್ರಮವೆಲ್ಲ ಬೀಗರ ಪಾಲಾಯಿತು. ವಿಡಿಯೊ ಕಳಿಸಿದೆ. ಅವ್ವ ಹರಿಹಾಯ್ದಳು.

"ಎಲ್ಲಾ ಫೋನಿನ್ಯಾಗ ನೋಡಾಕ ನನ್ನ ಮೊಮ್ಮಗಳೇನು ಸಿನಿಮಾದಾಕಿ ಏನಲೇ? ನಡಿಯೂದರೆ ನನ್ನ ಕಣ್ಣಮುಂದ ನಡೀಲಿ!"

ಅವಳೇ ನಮ್ಮಲ್ಲಿಗೆ ಬರುವ ಹಾಗಿರಲಿಲ್ಲ. ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಮೂಳೆ ಕೂಡಿದೆ, ಇನ್ನು ಕೋಲು ಬಿಡಬಹುದು ಎಂದು ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ಕಾಲು ವಾಸಿಯಾದರೂ ಅಂಜಿಕೆ ವಾಸಿಯಾಗಿರಲಿಲ್ಲ. ಅಂಗಳಕ್ಕೆ ಇಳಿಯಬೇಕಾದರೂ ಕೋಲು ಬೇಕಿತ್ತು.

ಹಾಗಾಗಿ ಒಂದು ಭಾನುವಾರ ನಾವೇ ಹೊರಟೆವು. ಹೋಗುವ ಮುಂಚೆ ಹೆಂಡತಿಗೆ ಗೋಳಗುಮ್ಮಟದ ಹುಲ್ಲಿನ ಮೇಲೆ ಮಗಳ ಫೋಟೊ ಬೇಕಿತ್ತು. ಕೂಡಿಸಿದೆವು. ಆ ಮಹಾರಾಯ್ತಿ ಎದ್ದು ನಿಂತು, ಕೈಬಿಟ್ಟು, ಬಲಗಾಲು ಎತ್ತಿಯೇಬಿಟ್ಟಳು!

"ಹಿಡೀರಿ, ಹಿಡೀರಿ!" ಹೆಂಡತಿ ಕೂಗಿದಳು. ಕಾಲು ನೆಲ ಮುಟ್ಟುವ ಮೊದಲೇ ಹಾರಿ ಎತ್ತಿಕೊಂಡೆ. ಮಗಳು ಕಿರುಚಿ ನನ್ನ ಮೂಗು ಪರಚಿದಳು. ಶೇಂಗಾ ಮಾರುವ ಮುದುಕಿಯೊಬ್ಬಳು ದಂಗಾಗಿ ನಿಂತಳು.

"ಏನ್ ಮಂದೀರಿ ನೀವು! ಕೂಸು ನಡೀಲಿ ಅಂತ ಎಲ್ಲಾರೂ ದೇವರಿಗೆ ಬೇಡ್ಕೋತಾರ, ನೀವು ನಡಿಯೂ ಕೂಸಿನ ಕಾಲು ಹಿಡೀತೀರಲ್ಲಾ!"

ನಾಚಿಕೆಗೆ ಎರಡು ಪೊಟ್ಟಣ ಶೇಂಗಾ ಕೊಂಡೆ.

ಅಲ್ಲಿಂದ ಊರು ಮುಟ್ಟುವತನಕ ಮಗಳ ಕಾಲು ನೆಲಕ್ಕೆ ತಾಗಗೊಡಲಿಲ್ಲ. ತಿಕೋಟಾದಲ್ಲಿ ಚಹಾಕ್ಕೆ ಇಳಿದಾಗಲೂ ಒಬ್ಬರು ಕುಡಿಯುವುದು, ಒಬ್ಬರು ಹೊರುವುದು. ನನ್ನ ಸೊಂಟ ಬಿದ್ದುಹೋಯಿತು.

ಅವ್ವ ಹಿಟ್ಟು ಕಲಸಿಟ್ಟು, ಅಂಗಳದ ಅಂಚಿಗೆ ಹೊರಸು ಹಾಕಿಸಿಕೊಂಡು, ಕೋಲು ಹಿಡಿದು ಕುಳಿತಿದ್ದಳು. ಮಗಳನ್ನು ಅಂಗಳದಲ್ಲಿ ಬಿಟ್ಟೆವು. "ಬಾ ನನ್ನವ್ವಾ, ಬಾ ಬಂಗಾರಾ" ಎಂದು ಅವ್ವ ಕರೆದಳು. ಮಗಳು ಕುಳಿತಳು. ನಿಲ್ಲಿಸಿದರೆ ಮತ್ತೆ ಕುಳಿತಳು. ಒಂದು ತಾಸು ಇದೇ ಆಟ.

"ಬಿಡ್ರಿ, ನನ್ನ ಹಣ್ಯಾಗ ಬರದಿಲ್ಲ" ಎಂದು ಅವ್ವ ಮುಖ ತಿರುಗಿಸಿದಳು. ಕೈಗೆ ಬಂದ ತುತ್ತು ಅವಳ ಬಾಯಿಗೆ ಬರಲಿಲ್ಲವಲ್ಲ ಎಂದು ನನಗನಿಸಿತು.

ಅಷ್ಟರಲ್ಲಿ ಪಕ್ಕದ ಮನೆಯ ಕೋಳಿಯೊಂದು ಅಂಗಳಕ್ಕೆ ಬಂತು. ಮಗಳು ಎದ್ದಳು. ಒಂದು ಹೆಜ್ಜೆ, ಎರಡು, ಮೂರು. ನಾಲ್ಕನೆಯದಕ್ಕೆ ಒರಳುಕಲ್ಲಿನ ಕಡೆ ವಾಲಿದಳು. ನಾನು ಬಾಯಿ ಬಿಟ್ಟುಕೊಂಡು ನಿಂತೇ ಇದ್ದೆ. ಓಡಿ ಹಿಡಿದವಳು ಅವ್ವ.

"ನಡದ್ಲು! ನನ್ನ ಮುಂದನ ನಡದ್ಲು ನೋಡ್ರಿ!" ಎಂದು ಮೊಮ್ಮಗಳನ್ನು ಅವಚಿಕೊಂಡು ಅಂಗಳದ ನಡುವೆ ನಿಂತು ಅಳುತ್ತಿದ್ದಳು, ನಗುತ್ತಿದ್ದಳು.

ಹೆಂಡತಿ ಹೊರಸಿನತ್ತ ಕೈ ಮಾಡಿದಳು. "ಅತ್ತೀ, ನಿಮ್ಮ ಕೋಲು ಅಲ್ಲೇ ಐತ್ರೀ."

ಅವ್ವ ಕೋಲನ್ನು ನೋಡಿದಳು, ತನ್ನ ಕಾಲನ್ನು ನೋಡಿಕೊಂಡಳು. "ಅಯ್ಯ ಯವ್ವಾ" ಎಂದಳು, ಅಷ್ಟೇ.

ಎಣ್ಣೆ ಕಾಯಿತು. ಹೆಂಡತಿ ಮೊದಲ ಗಾರಿಗೆಯನ್ನು ಊದಿ ಆರಿಸಿ ಎರಡು ತುಂಡು ಮಾಡಿದಳು. ಒಂದು ಮಗಳ ಮುಷ್ಟಿಗೆ, ಇನ್ನೊಂದು ಅವ್ವನ ಕೈಗೆ.

"ನನಗ್ಯಾಕ ಬೇ?"

"ಪದ್ಧತಿ ಐತಲ್ರೀ ಅತ್ತೀ. ಮೊದಲನೇದು ನಡದವರಿಗೆ."