ಒಂದಿಂಚು ಹೆಚ್ಚು
ಅಂತರಸನಹಳ್ಳಿಯ ಶೆಡ್ಡಿನಲ್ಲಿ ಬಿಲ್ಲುಗಾರರಿಗೆ ಅವರವರ ಕೈಯಳತೆಗೆ ಕಾರ್ಬನ್ ಬಾಣ ಕತ್ತರಿಸಿಕೊಡುವ ಶಿವರುದ್ರಯ್ಯನವರ ಎದುರು ಹ್ಯಾಕ್ಸಾ ಬ್ಲೇಡಿನ ಹೆಸರೆತ್ತಿದರೆ ಮುಗಿಯಿತು. “ಅದ್ರಲ್ಲಿ ಕುಯ್ದ್ರೆ ಕಾರ್ಬನ್ ಕಡ್ಡಿ ಸೀಳೋಯ್ತದೆ, ತೆಂಗಿನ ಗರಿ ಕುಯ್ಯೋಕೆ ಇಟ್ಕೊಳ್ಲಾ!” ಎಂದು ಗದರುತ್ತಾರೆ. ಮೂಗಿಗೆ ಟವೆಲ್ ಬಿಗಿದು, ಗಿರ್ರೆನ್ನುವ ತೆಳ್ಳನೆಯ ಗರಗಸಚಕ್ರಕ್ಕೆ ಕಡ್ಡಿ ತಾಗಿಸಿ, ಬತ್ತಿ ಹೊಸೆದಷ್ಟು ನಾಜೂಕಾಗಿ ತಿರುಗಿಸುತ್ತಾರೆ. ಕತ್ತರಿಸಿದ ತುದಿಗೆ ಹತ್ತಿ ಉಜ್ಜಿ, ಒಂದೆಳೆಯೂ ಸಿಕ್ಕಿಕೊಳ್ಳದಿದ್ದರೆ ಕಪ್ ಗೆದ್ದವರಂತೆ ಮೇಲೆತ್ತಿ ಬೀದಿಗೆಲ್ಲ ತೋರಿಸುತ್ತಾರೆ. ಆದರೆ ಮಕ್ಕಳ ಬಾಣ ಮಾತ್ರ ಯಾವಾಗಲೂ ಅಳತೆಗಿಂತ ಒಂದಿಂಚು ಹೆಚ್ಚು. “ಕೈ ಬೆಳೀತದೆ ಬುಡು.” ಮುರಿದ ಮೊಣಕೈ ಇನ್ನು ನೆಟ್ಟಗಾಗದೆಂದು ಡಾಕ್ಟರು ಹೇಳಿದ್ದ ಬೆಳ್ಳಾವಿಯ ರೂಪಶ್ರೀಗೂ ಹಾಗೆಯೇ ಕೊಟ್ಟಿದ್ದರು. ಮೊನ್ನೆ ಅವಳು ಬಂದು, “ಮಾವ, ಪೂರ್ತಿ ಎಳುದ್ರೆ ಬಾಣ ಸಾಲ್ತಾ ಇಲ್ಲ” ಎಂದಳು. ಶಿವರುದ್ರಯ್ಯ ಗರಗಸ ನಿಲ್ಲಿಸಿ, ನೆಟ್ಟಗಾದ ಅವಳ ಕೈಯನ್ನೇ ಮೇಲೆತ್ತಿ ಬೀದಿಗೆಲ್ಲ ತೋರಿಸಿದರು.